ಅಜ್ಜನ ಹಲ್ಲಿಗೆ ನಾವು ಕಲಿಸಿದ ಮಾತು

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಪಾರಂಪರಿಕ ಆಹಾರದ ಬಗ್ಗೆ ಮಾತಾಡಲು ಯಾರಾದರೂ ಮೈಕಿನ ಮುಂದೆ ನಿಂತರೆ ಐದು ನಿಮಿಷದೊಳಗೆ ಒಬ್ಬ ಅಜ್ಜ ಬಂದೇ ಬರುತ್ತಾನೆ. ತೊಂಬತ್ತು ದಾಟಿದ ಅಜ್ಜ. ಬಾಯಲ್ಲಿ ಎಲ್ಲ ಹಲ್ಲೂ ಇದ್ದವು, ಕೊನೆಯವರೆಗೂ ಚಾಲಿ ಅಡಿಕೆಯನ್ನು ಕಟಕಟ ಕಡಿಯುತ್ತಿದ್ದ, ಹಲ್ಲಿನ ಡಾಕ್ಟರ ಮೆಟ್ಟಿಲು ಹತ್ತಿದವನಲ್ಲ. ಅಲ್ಲಿಂದ ಮುಂದೆ ಮಾತು ಹಿಡಿಯುವ ದಾರಿ ಎಲ್ಲರಿಗೂ ಬಾಯಿಪಾಠ. ಅವರು ಉಂಡದ್ದು ಶುದ್ಧ ಆಹಾರ, ಅದಕ್ಕೇ ಹಲ್ಲು ಕಬ್ಬಿಣ. ನಾವು ತಿನ್ನುವುದು ಕಸ, ಅದಕ್ಕೇ ಮಕ್ಕಳ ಹಲ್ಲು ಹುಳುಕು. ಸ್ವಲ್ಪ ಓದಿಕೊಂಡ ಭಾಷಣಕಾರರು ಇನ್ನೂ ಹಿಂದಕ್ಕೆ ಹೋಗುತ್ತಾರೆ. ಉತ್ಖನನದಲ್ಲಿ ಸಿಕ್ಕ ಪ್ರಾಚೀನರ ಹಲ್ಲುಗಳು ಸವೆದಿವೆಯೇ ಹೊರತು ಹುಳುಕಾಗಿಲ್ಲ. ನಾರು ತುಂಬಿದ ಸಾತ್ವಿಕ ಆಹಾರ ಉಂಡವರ ಹಲ್ಲು ಹಾಗೇ ಇರುವುದು. ಮನುಷ್ಯನ ಹಲ್ಲಿನ ಆಕಾರವೇ ಅವನು ಸಸ್ಯಾಹಾರಿ ಎನ್ನುತ್ತದೆ. ವಿಜ್ಞಾನವೂ ಇದನ್ನೇ ಹೇಳುತ್ತದೆ. ಚಪ್ಪಾಳೆ ಬೀಳುತ್ತದೆ.

ವಿಜ್ಞಾನ ಹೀಗೆ ಹೇಳಿಲ್ಲ. ಹಲ್ಲಿನ ಸವೆತವನ್ನು ಕಸುಬಾಗಿ ಓದುವವರು ಅದರಿಂದ ಹೆಕ್ಕಿ ತೆಗೆಯುವುದು ಬೇರೆಯೇ ಕಥೆ: ಹಿಟ್ಟಿನಲ್ಲಿದ್ದ ಕಲ್ಲಿನ ಪುಡಿ, ಬಾಯಲ್ಲಿದ್ದ ಎಲೆ-ಅಡಿಕೆಯ ಕವಳ, ಹಲ್ಲುಜ್ಜಿದ ಬೂದಿ, ಹಸಿವು, ವಯಸ್ಸು, ಮತ್ತು ಇವೆಲ್ಲದರ ನಡುವೆ ಎಲ್ಲೋ ಒಂದಿಷ್ಟು ಊಟ. ಸವೆದ ಹಲ್ಲನ್ನು ಆಹಾರದ ಶುದ್ಧತೆಗೆ ಸಾಕ್ಷಿಯಾಗಿ ಎಳೆದು ತರುವುದು ಸತ್ತವರ ಬಾಯಿಗೆ ನಮ್ಮ ಮಾತು ತುರುಕುವ ಕೆಲಸ.

ಎದುರು ಪಕ್ಷದ ಮಾತಿನಲ್ಲಿ ಹುರುಳಿರುವಷ್ಟನ್ನು ಮೊದಲೇ ಒಪ್ಪಿಬಿಡೋಣ. ಬಿಳಿ ಸಕ್ಕರೆ ಅಗ್ಗವಾದ ಮೇಲೆ ಜಗತ್ತಿನಾದ್ಯಂತ ಹುಳುಕು ಹೆಚ್ಚಿತು. ಗಂಗಾ ಬಯಲಿನ ಮಹಾದಹಾ, ದಮದಮಾಗಳಲ್ಲಿ ಸಿಕ್ಕ ಮಧ್ಯಶಿಲಾಯುಗದ ಬೇಟೆಗಾರರ ಹಲ್ಲುಗಳಲ್ಲಿ ಸವೆತ ಜಾಸ್ತಿ, ಹುಳುಕು ಕಡಿಮೆ. ತಕರಾರು ಇರುವುದು ಇದರಿಂದ ಎಳೆಯುವ ತೀರ್ಮಾನದ ಬಗ್ಗೆ.

ಮೊದಲು ಆ ಅಜ್ಜನನ್ನೇ ವಿಚಾರಿಸೋಣ. ಅವನು ನಮಗೆ ನೆನಪಿರುವುದು ಯಾಕೆ? ತೊಂಬತ್ತರವರೆಗೆ ಬದುಕಿದ ಎಂಬ ಕಾರಣಕ್ಕೆ. 1941–51ರ ದಶಕದಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯಸ್ಸು ಸುಮಾರು 32 ವರ್ಷ. ಆ ಅಂಕಿಯನ್ನು ಅಷ್ಟು ಕೆಳಕ್ಕೆ ಎಳೆದದ್ದು ಮುಖ್ಯವಾಗಿ ಮಕ್ಕಳ ಸಾವು. ಬದುಕುಳಿದವರು ಮುದುಕರಾಗುತ್ತಿದ್ದರು, ನಿಜ. ಆದರೆ 1940ರ ದಶಕದ ಕೊನೆಗೆ ಡಿಡಿಟಿ ಬರುವವರೆಗೂ ಮಲೆನಾಡಿನ ಚಳಿಜ್ವರ ಯಾರನ್ನೂ ಕೇಳಿ ಬರುತ್ತಿರಲಿಲ್ಲ. ಬಾಣಂತಿತನದಲ್ಲಿ ಹೋದ ಅಜ್ಜಿ, ನಲವತ್ತಕ್ಕೇ ಬೊಚ್ಚುಬಾಯಿಯಾಗಿ ಗಂಜಿ ಕುಡಿದುಕೊಂಡಿದ್ದ ಚಿಕ್ಕಜ್ಜ, ದವಡೆ ಬಾತು ಲವಂಗ ಕಚ್ಚಿಕೊಂಡು ರಾತ್ರಿ ಕಳೆದ ಅತ್ತೆ, ಇವರ ಹಲ್ಲಿನ ಕಥೆ ಯಾವ ಮೈಕಿಗೂ ಬರುವುದಿಲ್ಲ. ಗೆದ್ದವನ ಬಾಯಿ ಮಾತ್ರ ಎಣಿಸಿ ಊರಿಗೆಲ್ಲ ಅದೇ ಲೆಕ್ಕ ಎಂದರೆ ಯಾರು ನಂಬಬೇಕು?

ಈ ಲೆಕ್ಕದ ಮೋಸವನ್ನು ಪುರಾತತ್ವದವರು ಚೆನ್ನಾಗಿ ಬಲ್ಲರು. ಹರಪ್ಪಾದ ಹಲ್ಲುಗಳನ್ನು ಅಧ್ಯಯನ ಮಾಡಿದ ಜಾನ್ ಲುಕಾಚ್ 1992ರಲ್ಲಿ ಕೊಟ್ಟ ಅಂಕಿ ನೋಡಿ. ಸಿಕ್ಕ ಹಲ್ಲುಗಳನ್ನು ಮಾತ್ರ ಎಣಿಸಿದರೆ ಹುಳುಕಾದವು ನೂರಕ್ಕೆ 6.8. ಬದುಕಿದ್ದಾಗಲೇ ಬಿದ್ದುಹೋದ ಹಲ್ಲುಗಳಲ್ಲಿ ಹುಳುಕಿನಿಂದ ಹೋದವು ಎಷ್ಟಿರಬಹುದೆಂದು ಲೆಕ್ಕ ಹಾಕಿ ಸೇರಿಸಿದಾಗ ಅದು 12.1ಕ್ಕೆ ಏರಿತು. ಹೆಚ್ಚುಕಡಿಮೆ ಎರಡು ಪಟ್ಟು. ಉಳಿದ ಹಲ್ಲು ಗಟ್ಟಿಯೇ ಇರುತ್ತದೆ. ಗಟ್ಟಿ ಇದ್ದದ್ದಕ್ಕೇ ಅದು ಉಳಿದದ್ದು. ನಾಲ್ಕು ಸಾವಿರ ವರ್ಷ ಹಿಂದಿನ ಆ ಜನಕ್ಕೆ ಮೈದಾ ಗೊತ್ತಿರಲಿಲ್ಲ, ಬಿಸ್ಕತ್ತು ಗೊತ್ತಿರಲಿಲ್ಲ.

ಇನ್ನೂ ಹಿಂದೆ ಹೋಗಬೇಕೆ? ಬಲೂಚಿಸ್ತಾನದ ಮೆಹರ್‌ಗಢದಲ್ಲಿ 7,500ರಿಂದ 9,000 ವರ್ಷ ಹಿಂದಿನ ಒಂಬತ್ತು ಜನರ ಬಾಯಲ್ಲಿ ಕೊರೆದ ಹನ್ನೊಂದು ದವಡೆಹಲ್ಲುಗಳು ಸಿಕ್ಕಿವೆ. 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದರ ವಿವರ ಬಂತು. ಚಕಮಕಿ ಕಲ್ಲಿನ ಮೊನೆಯಿಂದ, ಜೀವಂತ ಮನುಷ್ಯನ ಹಲ್ಲಿಗೆ ಹಾಕಿದ ತೂತು. ಕೆಲವದರಲ್ಲಿ ಹುಳುಕಿನ ಗುರುತೂ ಇತ್ತು. ಹಲ್ಲಿನ ತೊಂದರೆ ಆಧುನಿಕರ ಶಾಪ ಎನ್ನುವವರು ಆ ತೂತಿಗೆ ಏನು ಉತ್ತರ ಕೊಡುತ್ತಾರೆ?

ಈಗ ಸವೆತಕ್ಕೆ ಬರೋಣ. ಹಲ್ಲು ಮೂರು ಬಗೆಯಲ್ಲಿ ಸವೆಯುತ್ತದೆ: ಹಲ್ಲಿಗೆ ಹಲ್ಲು ಉಜ್ಜಿ, ಹೊರಗಿನ ಗಟ್ಟಿ ವಸ್ತು ತೇದು, ಹುಳಿ ತಾಗಿ ಕರಗಿ. ಈ ಮೂರನ್ನೂ ನಮ್ಮ ಸೀಮೆಯ ಹಳೆಯ ಮನೆಯೊಳಗೇ ನಿಂತು ನೋಡಬಹುದು.

ಅಡುಗೆಮನೆಯ ಮೂಲೆಯಲ್ಲಿದ್ದ ಬೀಸುಕಲ್ಲನ್ನೇ ತೆಗೆದುಕೊಳ್ಳಿ. ಬೀಸಿ ಬೀಸಿ ಕಲ್ಲು ನುಣ್ಣಗಾದರೆ ಕಾಳು ಜಾರುತ್ತದೆ, ಹಿಟ್ಟಾಗುವುದಿಲ್ಲ. ಆಗ ಉಳಿ ಸುತ್ತಿಗೆ ಹಿಡಿದು ಊರಿಂದೂರಿಗೆ ತಿರುಗುವವರನ್ನು ಕರೆಸಿ ಕಲ್ಲಿನ ಮುಖವನ್ನು ಮತ್ತೆ ತರಿತರಿ ಮಾಡಿಸಬೇಕು. ಹಾಗೆ ಮಾಡಿಸಿದ ಮೇಲಿನ ಮೊದಲ ಹಿಟ್ಟನ್ನು ಮನೆಯವರು ಉಣ್ಣುತ್ತಿರಲಿಲ್ಲ, ಮರಳು ಸಿಗುತ್ತದೆ ಎಂದು ಕೊಟ್ಟಿಗೆಗೆ ಹಾಕುತ್ತಿದ್ದರು. ಆದರೆ ಎರಡನೆಯ ಸಲದ ಹಿಟ್ಟು? ಹತ್ತನೆಯದು? ಅಜ್ಜಿ ಮದುವೆಯಾಗಿ ಬಂದಾಗ ಗೇಣು ದಪ್ಪ ಇದ್ದ ಮೇಲಿನ ಕಲ್ಲು ಮೊಮ್ಮಗಳ ಕಾಲಕ್ಕೆ ನಾಲ್ಕು ಬೆರಳಿಗೆ ಇಳಿದಿರುತ್ತದೆ. ಆ ಕಲ್ಲು ಎಲ್ಲಿಗೆ ಹೋಯಿತು? ಉಳಿಯ ಪೆಟ್ಟಿಗೆ ಹಾರಿದ್ದು ಬಿಟ್ಟು ಉಳಿದದ್ದೆಲ್ಲ ಮನೆಮಂದಿಯ ಹೊಟ್ಟೆಗೆ, ಹಲ್ಲಿನ ಮೇಲಿಂದಲೇ. ಹಲ್ಲಿನ ಹೊರಪದರ ದೇಹದಲ್ಲೇ ಅತಿ ಗಟ್ಟಿಯಾದದ್ದು, ಮೋಸ್ ಅಳತೆಯಲ್ಲಿ ಸುಮಾರು 5. ಮರಳಿನಲ್ಲಿರುವ ಬೆಣಚುಕಲ್ಲು 7. ಯಾರು ಯಾರನ್ನು ತೇಯುತ್ತಾರೆಂದು ಬೇರೆ ಹೇಳಬೇಕಿಲ್ಲ.

ಇದು ನಮ್ಮೂರಿನ ವಿಶೇಷವೂ ಅಲ್ಲ. ಪ್ರಾಚೀನ ಈಜಿಪ್ಟಿನಲ್ಲಿ ಬಡವರ ಹಲ್ಲೂ ದೊರೆಗಳ ಹಲ್ಲೂ ಒಂದೇ ರೀತಿ ಸವೆದುಹೋಗಿವೆ. ಸಮಾಧಿಗಳಲ್ಲಿ ಇಟ್ಟಿದ್ದ ರೊಟ್ಟಿಗಳನ್ನು ಪರೀಕ್ಷಿಸಿದಾಗ ಕಾರಣ ತಿಳಿಯಿತು: ಅವುಗಳಲ್ಲಿ ಮರಳು, ಕಲ್ಲಿನ ಚೂರು. ಸವೆದ ಹಲ್ಲು ನೋಡಿ 'ಅವರು ನಾರಿನಂಶ ಹೆಚ್ಚು ತಿನ್ನುತ್ತಿದ್ದರು' ಎನ್ನುವವರು ಕಲ್ಲಿನ ಪುಡಿಯನ್ನು ನಾರು ಎಂದು ಓದುತ್ತಿರಬಹುದು.

ಅಡುಗೆಮನೆಯಿಂದ ಬಚ್ಚಲಿಗೆ ಬನ್ನಿ. ಒಲೆಯ ಪಕ್ಕದ ಗೆರಟೆಯಲ್ಲಿ ಉಮಿಕರಿ ಇರುತ್ತಿತ್ತು, ಒಂದು ಚಿಟಿಕೆ ಉಪ್ಪು ಸೇರಿಸಿ ತೋರುಬೆರಳಲ್ಲಿ ಗಸಗಸ ತಿಕ್ಕಿದರೆ ಹಲ್ಲು ಬೆಳ್ಳಗೆ. ಇವತ್ತಿಗೂ ಇದನ್ನು ದಿವ್ಯೌಷಧದಂತೆ ಹೊಗಳುವವರಿದ್ದಾರೆ. ಭತ್ತದ ಹೊಟ್ಟನ್ನು ಪೂರ್ತಿ ಸುಟ್ಟರೆ ಉಳಿಯುವ ಬೂದಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಸಿಲಿಕಾ. ಅರೆಬೆಂದ ಉಮಿಕರಿಯಲ್ಲಿ ಇದ್ದಿಲಿನ ಪಾಲು ಹೆಚ್ಚು, ಆದರೂ ಸಿಲಿಕಾ ಎಲ್ಲಿಗೂ ಹೋಗುವುದಿಲ್ಲ. ಬೆಳ್ಳಗಾದದ್ದು ಕೊಳೆ ಹೋಗಿ ಮಾತ್ರ ಅಲ್ಲ, ಮೇಲ್ಪದರವೂ ತೆಳ್ಳಗಾಗಿ. ಆ ಪದರ ಮತ್ತೆ ಬೆಳೆಯುವ ಜಾತಿಯದ್ದಲ್ಲ. ಹೀಗೆ ಒರಟು ಪುಡಿಯಲ್ಲಿ ಅಡ್ಡಡ್ಡ ತಿಕ್ಕಿದವರ ಹಲ್ಲಿನ ಬುಡದಲ್ಲಿ, ತುಟಿಯ ಕಡೆಗೆ, ಒಂದು ಕಚ್ಚು ಬೀಳುತ್ತದೆ. ಸಾವಿರ ವರ್ಷದ ನಂತರ ಯಾರೋ ಆ ಹಲ್ಲನ್ನು ಅಗೆದು ತೆಗೆದು, ಇವರು ಎಂಥ ಒರಟು ಧಾನ್ಯ ತಿನ್ನುತ್ತಿದ್ದರಪ್ಪಾ ಎಂದು ಬರೆದರೆ ನಗು ಬರುವುದಿಲ್ಲವೇ?

ಜಗಲಿಗೆ ಬಂದರೆ ಕವಳದ ಬಟ್ಟಲು. ಊಟ ಮುಗಿದ ಮೇಲೆ ಒಂದು, ಮಾತಿಗೆ ಕುಳಿತರೆ ಒಂದು, ತೋಟಕ್ಕೆ ಹೊರಟರೆ ಒಂದು. ಕವಳ ಊಟವಲ್ಲ, ಹೊಟ್ಟೆಗೆ ಅದರಿಂದ ಹೋಗುವುದು ಏನೂ ಇಲ್ಲ ಎಂಬಷ್ಟು ಕಡಿಮೆ. ಆದರೆ ದವಡೆ ದಿನಕ್ಕೆ ಗಂಟೆಗಟ್ಟಲೆ ದುಡಿಯುವುದು ಅದಕ್ಕೇ. ಕವಳ ಇಟ್ಟುಕೊಳ್ಳುವ ಕಡೆಯ ದವಡೆಹಲ್ಲು ಇನ್ನೊಂದು ಕಡೆಗಿಂತ ಹೆಚ್ಚು ಸವೆದಿರುವುದನ್ನು ಮನೆಯ ಹಿರಿಯರ ಬಾಯಲ್ಲೇ ನೋಡಬಹುದು. ಅಡಿಕೆಯ ಸೀಮೆಯಲ್ಲಿ ನಿಂತು ಹಲ್ಲಿನ ಸವೆತದಿಂದ ಅನ್ನ-ಸಾರಿನ ಗುಣ ಅಳೆಯುವುದು ಎಂಥ ವಿಚಿತ್ರ!

ಇನ್ನು ಹುಳಿ. ಅಪ್ಪೆಹುಳಿ, ಮುರುಗಲು, ಉಪ್ಪಾಗೆ, ಮಿಡಿ ಉಪ್ಪಿನಕಾಯಿ. ಇವಿಲ್ಲದೆ ನಮ್ಮ ಊಟ ಊಟವೇ ಅಲ್ಲ. ಹುಳಿಗೆ ಹಲ್ಲಿನ ಹೊರಪದರ ಮೆತ್ತಗಾಗುತ್ತದೆ, ಮೆತ್ತಗಾದದ್ದನ್ನು ಮುಂದಿನ ತುತ್ತು ಬೇಗ ತೇಯುತ್ತದೆ. ಅಪ್ಪೆಹುಳಿ ಬಿಡಿ ಎಂದು ನಾನು ಹೇಳುತ್ತಿಲ್ಲ, ನಾನೂ ಬಿಡುವವನಲ್ಲ. ಅದು ಹಲ್ಲಿಗೆ ಕವಚ ತೊಡಿಸುತ್ತದೆ ಎಂಬ ಸುಳ್ಳು ಬೇಡ, ಅಷ್ಟೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಸವೆದ ಹಲ್ಲಿನಲ್ಲಿ ಹುಳುಕು ಕಡಿಮೆ ಯಾಕೆ? ದವಡೆಹಲ್ಲಿನ ಮೇಲ್ಭಾಗದ ಸಂದು-ಗುಳಿಗಳಲ್ಲಿ ಅಂಟಿದ ತಿನಿಸು ಕೊಳೆತು ಹುಳುಕು ಶುರುವಾಗುವುದು ಹೆಚ್ಚು. ಹಲ್ಲು ಸವೆದು ಸಪಾಟಾದರೆ ಆ ಗುಳಿಗಳೇ ಇಲ್ಲ. ಮರಳು ತಿಂದರೂ ಇದೇ ಫಲ ಸಿಗುತ್ತದೆ, ಆಹಾರ ಪವಿತ್ರವಾಗಿರಬೇಕೆಂದಿಲ್ಲ. ಅದಕ್ಕೆ ತೆರುವ ಬೆಲೆಯೂ ಇದೆ. ಸವೆತ ಅತಿಯಾದರೆ ಒಳಗಿನ ನರ ತೆರೆದುಕೊಳ್ಳುತ್ತದೆ, ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ, ದವಡೆಯ ಎಲುಬು ತೂತಾಗುತ್ತದೆ. ಹಳೆಯ ಅಸ್ಥಿಪಂಜರಗಳ ದವಡೆಗಳಲ್ಲಿ ಇಂಥ ತೂತುಗಳು ಬೇಕಾದಷ್ಟಿವೆ. ಕೀವು ತುಂಬಿದ ದವಡೆ ಹೊತ್ತು, ನೋವಿಗೆ ಮಾತ್ರೆ ಇಲ್ಲದ ಕಾಲದಲ್ಲಿ ತಿಂಗಳುಗಟ್ಟಲೆ ಬಾಳಿದವರನ್ನು ಆರೋಗ್ಯದ ಮಾದರಿ ಎನ್ನುವುದು ಕ್ರೂರ ತಮಾಷೆ.

ಹಲ್ಲಿನಿಂದ ಆಹಾರ ಓದುವುದು ಎಷ್ಟು ಜಾರುವ ದಾರಿ ಎಂಬುದಕ್ಕೆ ಪಂಡಿತರೇ ಬಿದ್ದ ಉದಾಹರಣೆಯಿದೆ. 1959ರಲ್ಲಿ ಮೇರಿ ಲೀಕಿ ತಾಂಜಾನಿಯಾದ ಓಲ್ಡುವಾಯ್ ಕಮರಿಯಲ್ಲಿ ಹದಿನೆಂಟು ಲಕ್ಷ ವರ್ಷ ಹಿಂದಿನ ಒಂದು ತಲೆಬುರುಡೆ ಕಂಡರು. ಭಾರೀ ದವಡೆಹಲ್ಲು, ದಪ್ಪ ಹೊರಪದರ. ಗಟ್ಟಿ ಕಾಯಿ ಒಡೆದು ತಿನ್ನಲಿಕ್ಕೇ ಮಾಡಿಸಿದ ಬಾಯಿ ಎಂದು ಎಲ್ಲರಿಗೂ ಅನ್ನಿಸಿತು. ಅದಕ್ಕೆ ಬಿದ್ದ ಅಡ್ಡಹೆಸರು ನಮ್ಮ ಭಾಷೆಯಲ್ಲಿ ಹೇಳುವುದಾದರೆ 'ಅಡಕತ್ತರಿ ಮನುಷ್ಯ'. ಅರ್ಧ ಶತಮಾನ ಆ ಹೆಸರು ಓಡಿತು. 2008ರಲ್ಲಿ ಪೀಟರ್ ಉಂಗರ್ ಮತ್ತು ಜೊತೆಗಾರರು ಅದೇ ಜಾತಿಯ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಟ್ಟಿ ಕಾಯಿ ಒಡೆದವರ ಹಲ್ಲಿನಲ್ಲಿರಬೇಕಾದ ಗುಳಿಗಳೇ ಇಲ್ಲ. 2011ರಲ್ಲಿ ಹಲ್ಲಿನ ಇಂಗಾಲವನ್ನು ಅಳೆದಾಗ ಅದು ಬಹುಪಾಲು ತಿಂದದ್ದು ಹುಲ್ಲು-ಜೊಂಡಿನ ಜಾತಿಯದ್ದು ಎಂದು ಕಂಡುಬಂತು. ಆಕಾರ ಒಂದು ಹೇಳಿತ್ತು, ಬಾಳು ಇನ್ನೊಂದಾಗಿತ್ತು. ಮನುಷ್ಯನ ಹಲ್ಲಿನ ಆಕಾರ ನೋಡಿ ಸಸ್ಯಾಹಾರದ ತೀರ್ಪು ಕೊಡುವವರಿಗೂ ಇದೇ ಉತ್ತರ. ಗೊರಿಲ್ಲಾಗೆ ಹುಲಿಯಂಥ ಕೋರೆಹಲ್ಲಿದೆ, ತಿನ್ನುವುದು ಸೊಪ್ಪು. ನಮ್ಮ ಹಲ್ಲು ಸಣ್ಣದಾದದ್ದು ಕತ್ತಿ ಮತ್ತು ಬೆಂಕಿ ಕೈಗೆ ಬಂದ ಮೇಲೆ. ಕೊಚ್ಚಿ ಬೇಯಿಸಿದ್ದು ಗೆಡ್ಡೆಯೋ ಮಾಂಸವೋ ಎಂದು ಹಲ್ಲಿನ ಆಕಾರ ಹೇಳಲಾರದು.

ಸೂಕ್ಷ್ಮದರ್ಶಕಕ್ಕೂ ಮಿತಿಯಿದೆ. ಅದರಲ್ಲಿ ಕಾಣುವ ಗೀರು-ಗುಳಿಗಳು ಕೆಲವೇ ದಿನ ಅಥವಾ ವಾರಗಳಲ್ಲಿ ಅಳಿಸಿ ಹೊಸವು ಮೂಡುತ್ತವೆ. ಸತ್ತವನ ಹಲ್ಲು ಹೇಳುವುದು ಅವನ ಕೊನೆಯ ಕೆಲವು ಊಟಗಳ ಕಥೆ. ಹಲ್ಲಿನ ಹೊರಪದರದ ರಾಸಾಯನಿಕ ಗುರುತು ಹೇಳುವುದಾದರೆ ಬಾಲ್ಯದ ಊಟವನ್ನು, ಹಲ್ಲು ಮೂಡಿದ ಕಾಲದ್ದನ್ನು. ನಡುವಿನ ನಲವತ್ತು ವರ್ಷದ್ದು? ಆ ಕಾಲದ ಒಟ್ಟು ಸವೆತವೇನೋ ಉಳಿದಿರುತ್ತದೆ, ಆದರೆ ಅದರಿಂದ ಮೊದಲು ತಿಳಿಯುವುದು ವಯಸ್ಸು. ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ನೋಡುವವ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದೆ ಎಂದು ಪ್ರಾಯ ಹೇಳುತ್ತಾನೆಯೇ ವಿನಾ ಯಾರ ಮನೆಯ ಹುಲ್ಲು ತಿಂದಿದೆ ಎಂದು ಹೇಳುವುದಿಲ್ಲ. ಅಸ್ಥಿಪಂಜರದ ಪ್ರಾಯ ಗೊತ್ತುಮಾಡಲು ಪುರಾತತ್ವದವರೂ ಹಲ್ಲಿನ ಸವೆತವನ್ನು ನೋಡುತ್ತಾರೆ. ಅದೇ ಸವೆತದಿಂದ ಪ್ರಾಯವನ್ನೂ ಆಹಾರವನ್ನೂ ಒಟ್ಟಿಗೆ ಹಿಂಡಲು ಹೊರಟರೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತೇವೆ.

ನಮ್ಮ ಅಡಿಕೆಗೇ ಸಂಬಂಧಿಸಿದ ಒಂದು ಹೊಸ ಸಂಗತಿ ಕೇಳಿ. ಥಾಯ್ಲೆಂಡಿನ ನಾಂಗ್ ರಾಚವಾಟ್ ಎಂಬಲ್ಲಿ ಸಿಕ್ಕ ಸುಮಾರು 4,000 ವರ್ಷ ಹಿಂದಿನ ಹಲ್ಲಿನ ಗಟ್ಟಿಗಟ್ಟಿದ ಪಾಚಿಯಲ್ಲಿ ಅಡಿಕೆಯ ಸತ್ವವಾದ ಅರೆಕೋಲಿನ್ ಪತ್ತೆಯಾಯಿತೆಂದು 2025ರಲ್ಲಿ ವರದಿ ಬಂತು. ಆ ಹಲ್ಲಿನ ಮೇಲೆ ಕೆಂಪು ಕಲೆಯೇ ಇರಲಿಲ್ಲ. ಕಣ್ಣಿಗೆ ಕಂಡದ್ದನ್ನು ನಂಬಿದ್ದರೆ ಇವರು ಕವಳ ಹಾಕುವವರಲ್ಲ ಎಂದು ಬರೆದು ಮುಗಿಸಬೇಕಿತ್ತು.

ಪ್ರಾಚೀನರು ಏನು ಉಣ್ಣುತ್ತಿದ್ದರು ಎಂಬುದಕ್ಕೆ ಹಾಗಾದರೆ ಸಾಕ್ಷಿಯೇ ಇಲ್ಲವೇ? ಇದೆ, ಬನವಾಸಿಯಿಂದ ಮೂಡಣಕ್ಕೆ ಇಳಿದರೆ ತುಂಗಭದ್ರೆಯ ದಡದ ಹಳ್ಳೂರಿನಲ್ಲೇ ಇದೆ. ಎಂ.ಎಸ್. ನಾಗರಾಜರಾವ್ 1965ರಲ್ಲಿ ಉತ್ಖನನ ಮಾಡಿದ ನವಶಿಲಾಯುಗದ ನೆಲೆ ಅದು. ಹಳ್ಳೂರು, ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಸುಟ್ಟ ಕಾಳುಗಳನ್ನು ಹೆಕ್ಕಿದ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದವರು ಆ ಜನರ ಕಣಜ ತೆರೆದು ತೋರಿಸಿದರು: ಕೊರಲೆ, ನವಣೆಯ ಬಳಗದ ಒಂದು ಹುಲ್ಲಿನ ಕಾಳು, ಹುರುಳಿ, ಹೆಸರು. ಸಿರಿಧಾನ್ಯದ ಅಭಿಮಾನಿಗಳು ಇಲ್ಲಿಯವರೆಗೆ ಸಂತೋಷವಾಗಿ ಕೇಳುತ್ತಾರೆ. ಅದೇ ಮಣ್ಣಿನಲ್ಲಿ ದನ, ಕುರಿ, ಆಡುಗಳ ಎಲುಬುಗಳೂ ಇವೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರಿಗೆ ದನ ಕಡಿದು ಹಂಚುತ್ತಿದ್ದ ನೆಲಗಟ್ಟೇ ಸಿಕ್ಕಿತು. ಕಾಳನ್ನು ಮಾತ್ರ ಎತ್ತಿಕೊಂಡು ಎಲುಬನ್ನು ಮಣ್ಣಿಗೆ ತಳ್ಳುವುದು ಇತಿಹಾಸವಲ್ಲ. ಪ್ರಾಚೀನರನ್ನು ಸಾಕ್ಷಿಗೆ ಕರೆದವರು ಅವರ ಹೇಳಿಕೆಯನ್ನು ಪೂರ್ತಿ ಕೇಳಬೇಕು.

ನಮ್ಮ ಮೂರು ತಾಲ್ಲೂಕಿನ ಮಟ್ಟಿಗೆ ಈ ಸಾಕ್ಷಿ ಇನ್ನೂ ತೆಳು. ಘಟ್ಟದ ಮಳೆ, ಹುಳಿ ಗುಣದ ಜಂಬಿಟ್ಟಿಗೆ ಮಣ್ಣು. ಎಲುಬು ಹೂತರೆ ಕೆಲವು ಶತಮಾನದಲ್ಲಿ ಕರಗಿಹೋಗುತ್ತದೆ. ಮೇಲಾಗಿ ಇಲ್ಲಿ ಬಹಳ ಮಂದಿ ಸತ್ತವರನ್ನು ಸುಡುವವರು. 'ನಮ್ಮ ಪ್ರಾಚೀನರ ಹಲ್ಲು' ಎಂದು ವೇದಿಕೆಯಲ್ಲಿ ಹೇಳುವವರು ಯಾವ ಹಲ್ಲಿನ ಬಗ್ಗೆ ಮಾತಾಡುತ್ತಿದ್ದಾರೆ? ಮಹಾರಾಷ್ಟ್ರದ ಇನಾಮಗಾಂವ್‌ನ ಒಣ ಮಣ್ಣಿನಲ್ಲಿ ಉಳಿದ ಮಕ್ಕಳ ಹಾಲುಹಲ್ಲುಗಳನ್ನು ನೋಡಿದರೆ ಅವರ ಉತ್ಸಾಹ ಇಳಿದೀತು. ಅಲ್ಲಿನ ಕೋರೆ ಹಾಲುಹಲ್ಲುಗಳ ಮೇಲೆ ಸಣ್ಣ ಗುಳಿಗಳಿವೆ. ಹಲ್ಲು ಮೂಡುವ ಕಾಲದಲ್ಲಿ ಮಗುವೋ ಬಸುರಿ ತಾಯಿಯೋ ಕಷ್ಟಕ್ಕೆ ಸಿಕ್ಕಿದ ಗುರುತು ಅದು.

ಅಷ್ಟಕ್ಕೂ ನಮ್ಮ ಹಿರಿಯರು ಎಂದರೆ ಯಾರು? ತೋಟದ ಮನೆಯ ಹವ್ಯಕರು ತೆಳ್ಳೇವು-ಜೋನಿಬೆಲ್ಲ ತಿನ್ನುತ್ತಿದ್ದ ಕಾಲದಲ್ಲೇ ಕುಮರಿ ಬೇಸಾಯದವರು ಕಾಡು ಕಡಿದ ಇಳಿಜಾರಿನಲ್ಲಿ ರಾಗಿ ಬೆಳೆಯುತ್ತಿದ್ದರು, ಬ್ರಿಟಿಷರ ಅರಣ್ಯ ಇಲಾಖೆ ಅದಕ್ಕೆ ಕಡಿವಾಣ ಹಾಕುವವರೆಗೆ. ಗೌಳಿಗಳ ಊಟ ಬೇರೆ, ಕುಣಬಿಗಳ ಗೆಡ್ಡೆ-ಗೆಣಸು ಬೇರೆ, ಯಲ್ಲಾಪುರದ ಕಾಡಂಚಿನ ಸಿದ್ದಿಗಳ ಅಡುಗೆ ಬೇರೆ. ಮೀನು ಬುಟ್ಟಿ ಹೊತ್ತು ಘಟ್ಟ ಹತ್ತಿ ಬರುತ್ತಿದ್ದದ್ದು ಯಾರ ಮನೆಗೆ? ಒಂದು ಜಾತಿಯ ಬಾಳೆಎಲೆಯನ್ನು ಹಾಸಿ ಅದನ್ನು ಇಡೀ ಸೀಮೆಯ ಪರಂಪರೆ ಎನ್ನುವಾಗ ಉಳಿದವರ ಹಲ್ಲೂ ಊಟವೂ ಎರಡೂ ಕಾಣೆಯಾಗುತ್ತವೆ. ಆ ಎಲೆಯ ಮೇಲೂ ಸಕ್ಕರೆಗೇನು ಕಡಿಮೆ? ಆಲೆಮನೆಯ ಕಬ್ಬಿನ ಹಾಲು, ತೊಡೆದೇವು, ದೋಸೆಯ ಮೇಲೆ ಸುರಿದ ಜೋನಿಬೆಲ್ಲ. ಹಲ್ಲಿನ ಬ್ಯಾಕ್ಟೀರಿಯಾಕ್ಕೆ ಬೆಲ್ಲ ಸಾತ್ವಿಕ, ಸಕ್ಕರೆ ರಾಜಸ ಎಂಬ ಭೇದ ತಿಳಿಯದು. ಹಿಂದೆ ಆಲೆಮನೆ ವರ್ಷಕ್ಕೊಮ್ಮೆ ಬರುತ್ತಿತ್ತು, ಈಗ ಸಿಹಿ ಗಂಟೆಗೊಮ್ಮೆ ಬರುತ್ತದೆ. ವ್ಯತ್ಯಾಸ ಇರುವುದು ಅಲ್ಲಿ.

ಈ ಕಥೆ ಬರಿಯ ಹೆಮ್ಮೆಯಾಗಿದ್ದರೆ ಇಷ್ಟು ಉದ್ದ ಬರೆಯುವ ಅಗತ್ಯವಿರಲಿಲ್ಲ. ಅದರಿಂದ ಹಾನಿಯಿದೆ. 'ಅಜ್ಜ ಪೇಸ್ಟ್ ಮುಟ್ಟಿದವನಲ್ಲ' ಎಂದು ಮಗುವಿನ ಕೈಗೆ ಉಮಿಕರಿ ಕೊಡುವವರಿದ್ದಾರೆ. ದವಡೆ ಬಾತರೂ 'ಮೊದಲು ಯಾರು ಡಾಕ್ಟರ ಹತ್ತಿರ ಹೋಗುತ್ತಿದ್ದರು' ಎಂದು ಮುಂದೂಡುವವರಿದ್ದಾರೆ. ಕವಳದ ಮಾತು ಇನ್ನೂ ಕಠಿಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು, ತಂಬಾಕು ಬೆರೆಸದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಈ ಮೂರು ತಾಲ್ಲೂಕುಗಳ ಅನ್ನ ಅಡಿಕೆಯಿಂದ ಬರುತ್ತದೆ. ಈ ಮಾತು ಯಾರಿಗೂ ಹಿತವಲ್ಲ, ಅದರ ಮೇಲೆ ವಾದ-ಪ್ರತಿವಾದ ನಡೆಯಲಿ. ಆದರೆ ಆ ವಾದದಲ್ಲಿ ತೊಂಬತ್ತರ ಅಜ್ಜನ ಹಲ್ಲನ್ನು ಪುರಾವೆಯಾಗಿ ಮುಂದಿಡಬೇಡಿ.

ಪಾರಂಪರಿಕ ಆಹಾರ ಉಳಿಯಬೇಕೆಂದು ಹೇಳಲು ಹಲ್ಲಿನ ಸುಳ್ಳು ಬೇಕಿಲ್ಲ. ತಂಬ್ಳಿ ರುಚಿಯಾಗಿದೆ, ಅಪ್ಪೆಮಿಡಿಯ ತಳಿಗಳು ಅಳಿಯುತ್ತಿವೆ, ಕಾಡಿನ ಸೊಪ್ಪು-ಗೆಡ್ಡೆ ಗುರುತಿಸುವವರು ಕಡಿಮೆಯಾಗುತ್ತಿದ್ದಾರೆ; ಉಳಿಸಲು ಇಷ್ಟು ಕಾರಣ ಸಾಲದೇ? ಮುಂದಿನ ಆಹಾರ ಮೇಳ ಮಾಡುವವರು ವೇದಿಕೆಯ ಭಾಷಣ ಒಂದನ್ನು ಕಡಿಮೆ ಮಾಡಿ, ಇನ್ನೂ ನಮ್ಮ ನಡುವೆ ಇರುವ ಎಂಬತ್ತು-ತೊಂಬತ್ತರ ಅಜ್ಜಿಯರನ್ನು, ಎಲ್ಲ ಕೇರಿಗಳವರನ್ನು ಕೂರಿಸಿ ಕೇಳಲಿ: ಮಳೆಗಾಲದ ಕೊನೆಗೆ ಕಣಜ ಬರಿದಾದಾಗ ಏನು ಉಂಡಿರಿ, ಮೊದಲ ಹಲ್ಲು ಯಾವಾಗ ಬಿತ್ತು, ನೋವಿಗೆ ಏನು ಮಾಡಿದಿರಿ. ಬರುವ ಉತ್ತರವನ್ನು ಸಿಹಿಯೊಂದಿಗೆ ಕಹಿಯನ್ನೂ ಸೇರಿಸಿ ಬರೆದಿಡಲಿ. ಹಲ್ಲು ಹೇಳಲಾರದ್ದನ್ನು ಹೇಳಬಲ್ಲ ಬಾಯಿಗಳು ಇನ್ನೂ ಇರುವಾಗ ಅವುಗಳಿಗೆ ಮೈಕು ಕೊಡದೆ ನಾವೇ ಅವರ ಪರವಾಗಿ ಮಾತಾಡುವುದು ಪರಂಪರೆಯ ಗೌರವವಲ್ಲ, ಅದರ ಅವಮಾನ.